ವೇದಾವತಿಯ ಕೆಳದಾರಿ: ದುರ್ಗದ ಸೀಮೆಯ ನೀರಿನ ಚರಿತ್ರೆ



ಚಂದ್ರದ್ರೋಣ ಪರ್ವತದ ನೆತ್ತಿಯ ಮೇಲೆ ಬಿದ್ದ ಮಳೆಗೆ ಎರಡು ದಾರಿಗಳುಂಟು. ಪಶ್ಚಿಮಕ್ಕೆ ಇಳಿದದ್ದು ಸೋಮವಾಹಿನಿಯಾಗಿ ಭದ್ರೆಯನ್ನು ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳಾಗಿ, ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿ ಎನಿಸಿಕೊಳ್ಳುತ್ತದೆ. ಮಲೆನಾಡಿನವರಿಗೆ ಆ ಹೊಳೆಯ ಪರಿಚಯ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಅದರ ಮುಂದಿನ ಕಥೆ ನಡೆಯುವುದು ಹೊಸದುರ್ಗ, ಹಿರಿಯೂರುಗಳ ಒಣನೆಲದಲ್ಲಿ.

ಚಿತ್ರದುರ್ಗದ ಚರಿತ್ರೆ ಎಂದರೆ ಏಳುಸುತ್ತಿನ ಕೋಟೆ, ಪಾಳೆಯಗಾರ ನಾಯಕರು, 1779ರಲ್ಲಿ ಹೈದರಾಲಿಯ ವಶವಾದ ದುರ್ಗ ಎಂದೇ ಪಠ್ಯಪುಸ್ತಕಗಳು ಹೇಳುತ್ತವೆ. ಆ ಚರಿತ್ರೆ ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಚರಿತ್ರೆ ಹರಿಯುತ್ತಿದೆ. 1929ರಲ್ಲಿ ಎಂ. ಎಚ್. ಕೃಷ್ಣ ಅವರು ಕೋಟೆಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ, ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವನ್ನು ಗುರುತಿಸಿದರು. ಅದರಲ್ಲಿ ಬರುವ ರಾಜ್ಯಗಳ ಹೆಸರುಗಳನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಶಾಸನದ ವಿಷಯವಾದರೋ ಒಂದು ಕೆರೆ. ನಾಲ್ಕನೆಯ ಶತಮಾನದ ಅರಸನೊಬ್ಬ ಈ ಸೀಮೆಯ ಬಂಡೆಯ ಮೇಲೆ ತನ್ನ ಹೆಸರನ್ನು ಉಳಿಸಿದ್ದು ಕೆರೆಯ ಕೆಲಸದ ನೆಪದಿಂದ.

ಕೋಟೆಯೊಳಗಿನ ವ್ಯವಸ್ಥೆಯೂ ಹಾಗೆಯೇ. ಬೆಟ್ಟದ ಮೇಲಿನ ಮಳೆನೀರು ಮೊದಲು ಗೋಪಾಲಸ್ವಾಮಿ ಹೊಂಡವನ್ನು ತುಂಬಬೇಕು. ಅದು ತುಂಬಿ ಹೊರಚೆಲ್ಲಿದ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಪೇಟೆಯ ನಡುವಿನ ಸಂತೆಹೊಂಡಕ್ಕೆ. ಮೇಲಿನ ಹೊಂಡದ ಕೋಡಿಯೇ ಕೆಳಗಿನ ಹೊಂಡದ ತಲೆಗಾಲುವೆ. ಹೈದರನ ದೀರ್ಘ ಮುತ್ತಿಗೆಗಳ ಕಾಲದಲ್ಲಿ ಕೋಟೆಯ ಒಳಗಿದ್ದವರನ್ನು ಬದುಕಿಸಿದ್ದು ಈ ನೀರೇ. ಓಬವ್ವ ಕಿಂಡಿಯ ಬಳಿಗೆ ಹೋದದ್ದಾದರೂ ಏತಕ್ಕೆ? ಊಟಕ್ಕೆ ಕುಳಿತ ಗಂಡನಿಗೆ ತಣ್ಣೀರು ದೋಣಿಯಿಂದ ನೀರು ತರಲೆಂದು. ಜನ ಒನಕೆಯನ್ನು ನೆನಪಿಟ್ಟರು, ಕೊಡವನ್ನು ಮರೆತರು.

ಕೋಟೆಯ ಹೊರಗೂ ಇದೇ ಕ್ರಮ. ಭರಮಸಾಗರದ ಕೆರೆ ಭರಮಣ್ಣ ನಾಯಕನ ಹೆಸರನ್ನು ಹೊತ್ತಿದೆ. ಹೊಳಲ್ಕೆರೆಯ ಹೆಸರಿನಲ್ಲಿಯೇ ಕೆರೆ ಇದೆ. ಹೊಳಲು ಎಂದರೆ ಹಳೆಯ ಕನ್ನಡದಲ್ಲಿ ಊರು. ಹೊಳಲ್ಕೆರೆಗೆ ಸಮೀಪದ ಭೀಮಸಮುದ್ರದ ಕೆರೆ ಸುತ್ತಣ ಅಡಕೆ ತೋಟಗಳನ್ನು ಸಾಕಿತು. ಅದೇ ಭಾಗದ ಗುಡ್ಡಗಳಲ್ಲಿ ಕಬ್ಬಿಣದ ಅದಿರೂ ಇತ್ತು. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಷರತ್ತುಗಳೊಡನೆ ಅದು ಮತ್ತೆ ಆರಂಭವಾಯಿತು. ಕೆರೆಗೆ ನೀರು ಕೊಡುವುದು ಗುಡ್ಡ. ಗುಡ್ಡದ ಮೈ ಸಡಿಲಗೊಂಡರೆ ಕೆರೆಗೆ ಬರುವುದು ಹೂಳು.

ಇನ್ನು ಮಾರಿಕಣಿವೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ವೇದಾವತಿ ಹಿರಿಯೂರಿನ ಬಯಲಿಗೆ ಇಳಿಯುತ್ತಿತ್ತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದ ಕಾಲದಲ್ಲಿ, 1898ರಲ್ಲಿ, ಅಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಅವರ ಬಿರುದಿನಿಂದಲೇ ಅದು ವಾಣಿವಿಲಾಸ ಸಾಗರ. ಸುಮಾರು 30 ಟಿ.ಎಂ.ಸಿ. ನೀರು, 130 ಅಡಿಯ ಪೂರ್ಣಮಟ್ಟ. 1933ರಲ್ಲಿ ಅದು ಕೋಡಿ ಬಿದ್ದಿತು. ಆಮೇಲೆ 89 ವರ್ಷ ಬೀಳಲಿಲ್ಲ. ಮೂರು ತಲೆಮಾರಿನವರು ಕೋಡಿಯ ಕಥೆಯನ್ನು ಕೇಳಿದರೇ ಹೊರತು ನೋಡಲಿಲ್ಲ.

ಇದಕ್ಕೆ ಮಳೆಯೊಂದನ್ನೇ ದೂರುವುದು ಸರಿಯಲ್ಲ. ಈ ಸೀಮೆ ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿದೆ, ಬರ ಇಲ್ಲಿಗೆ ಹೊಸತಲ್ಲ. ಹೊಸತಾದದ್ದು ಮೇಲ್ಭಾಗದ ಬೇಸಾಯ. ಕಡೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ರಾಗಿ, ಜೋಳ, ಸಾವೆಗಳ ಜಾಗಕ್ಕೆ ಕೊಳವೆಬಾವಿಗಳನ್ನು ನಂಬಿದ ತೆಂಗು, ಅಡಕೆ ಬಂದವು. ಹಳ್ಳಕ್ಕೊಂದು ಒಡ್ಡು ಬಂದಿತು. ಅಂತರ್ಜಲ ಕೆಳಗಿಳಿದಾಗ ಹೊಳೆಯ ತಳದ ಮರಳು ಮೊದಲ ನೀರನ್ನು ತಾನೇ ಕುಡಿಯುತ್ತದೆ. ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡಿತು. ಆದರೂ ಒಡ್ಡು ಕಟ್ಟಿಕೊಂಡ ರೈತನನ್ನು ತಪ್ಪಿತಸ್ಥನೆನ್ನಲು ಬಾರದು. ಹಿರಿಯೂರಿನ ನೀರಿಗಾಗಿ ಹೊಸದುರ್ಗದ ಹೊಲ ಒಣಗಿರಬೇಕೆಂದು ಯಾವ ನ್ಯಾಯವೂ ಹೇಳುವುದಿಲ್ಲ.

ಹಾಗೆ ಬರಿದಾದ ಸರಪಣಿಯನ್ನು ತುಂಬಿಸಲು ಈಗ ಹೊರಗಿನ ನದಿಗಳು ಬರುತ್ತಿವೆ. ಭರಮಸಾಗರದ ಕೆರೆಗೆ 2021ರಲ್ಲಿ ತುಂಗಭದ್ರೆಯ ನೀರನ್ನು ಎತ್ತಿ ತರಲಾಯಿತು. ಭದ್ರಾ ಮೇಲ್ದಂಡೆ ಯೋಜನೆಯ ಲೆಕ್ಕ 29.9 ಟಿ.ಎಂ.ಸಿ.; ಇದರಲ್ಲಿ 17.4 ಟಿ.ಎಂ.ಸಿ.ಯನ್ನು ಮೊದಲು ತುಂಗೆಯಿಂದ ಭದ್ರೆಗೆ ಎತ್ತಬೇಕು, ಅನಂತರ ಭದ್ರೆಯಿಂದ ಮತ್ತೆ ಎತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಸುರಂಗದಲ್ಲಿ ಹರಿಸಬೇಕು. ಚಂದ್ರದ್ರೋಣದ ನೆತ್ತಿಯಲ್ಲಿ ಬೇರೆಯಾದ ಎರಡು ದಾರಿಗಳನ್ನು ವಿದ್ಯುತ್ತಿನ ಬಲದಿಂದ ಕೂಡಿಸುವ ಕೆಲಸವಿದು. ಹೊಂಡದಿಂದ ಹೊಂಡಕ್ಕೆ ತಾನಾಗಿ ಇಳಿಯುತ್ತಿದ್ದ ನೀರಿಗೆ ವಿದ್ಯುತ್ತಿನ ಬಿಲ್ಲು ಇರಲಿಲ್ಲ. ಯೋಜನೆ ಬೇಡವೆಂದು ಮಲೆನಾಡಿನಲ್ಲಿ ನಿಂತು ಹೇಳುವುದು ಸುಲಭ. ಹಾಗೆ ಹೇಳುವವರು ಒಂದು ಬೇಸಿಗೆ ಹಿರಿಯೂರಿನ ಹಳ್ಳಿಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲಬೇಕು. ಬೇಕೇ ಬೇಕೆನ್ನುವವರು ಭದ್ರೆಗೆ ನೀರೂಡುವ ಶೋಲಾ ಕಾಡುಗಳ ಸ್ಥಿತಿಯನ್ನು ಒಮ್ಮೆ ನೋಡಿಬರಬೇಕು.

2022ರ ಸೆಪ್ಟೆಂಬರಿನಲ್ಲಿ, ಭಾರಿ ಮಳೆಯೂ ಭದ್ರೆಯ ನೀರೂ ಕೂಡಿ, ವಾಣಿವಿಲಾಸ ಸಾಗರ ಕಡೆಗೂ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಮತ್ತೊಮ್ಮೆ. ದೂರದೂರದ ಜನ ನೋಡಲು ಬಂದರು. ಆದರೆ 2022ರಲ್ಲಿ ಹೊಸದುರ್ಗದ ಹಿನ್ನೀರಿನ ಹಳ್ಳಿಗಳಲ್ಲಿ ತೋಟಗಳು ನೀರಿನಲ್ಲಿ ನಿಂತವು. 89 ವರ್ಷ ನೀರು ಬಾರದ ನೆಲವನ್ನು ಅಲ್ಲಿಯವರು ಹೊಲವೆಂದೇ ನಂಬಿ ಉತ್ತಿದ್ದರು, ಸಸಿ ನೆಟ್ಟಿದ್ದರು. ಕೋಡಿಯ ಮಟ್ಟವನ್ನು ತಗ್ಗಿಸಬೇಕೆಂದು ಅವರು ಕೇಳಿದರು. ಒಂದಡಿಯನ್ನೂ ತಗ್ಗಿಸಕೂಡದೆಂಬುದು ಕೆಳಗಿನ ಹಿರಿಯೂರಿನ ಅಚ್ಚುಕಟ್ಟಿನವರ ವಾದ. ಇಬ್ಬರೂ ಒಂದೇ ಹೊಳೆಯವರು.