ಹದಿನೈದು ಸಾವಿರ ಡಾಲರಿನ ದೆವ್ವ ಮತ್ತು ನನ್ನ ಬಾಕಿ ಬಿಲ್ಲು

(ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ನೇರ ಪ್ರೆಸ್ಸಿಗೆ ಬಂದವನು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಕರಪತ್ರ, ಸಿನಿಮಾ ವಾಲ್‌ಪೋಸ್ಟರು, ಇಷ್ಟೇ ನನ್ನ ಜಗತ್ತು. ಸಿನಿಮಾ ಬಗ್ಗೆ ಇವನಿಗೇನು ಗೊತ್ತು ಎಂದು ನೀವು ಕೇಳಬಹುದು. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದು ವಿಮರ್ಶಕರಿಗೆ ಗೊತ್ತು. ಅದು ಎಷ್ಟು ಆಳಕ್ಕೆ ಮುಳುಗಿತು ಎಂಬುದು ಪೋಸ್ಟರ್ ಅಚ್ಚು ಹಾಕಿದವನಿಗೆ ಗೊತ್ತು. ಏಕೆಂದರೆ ಕೊನೆಗೆ ಉಳಿಯುವ ಬಾಕಿ ಅವನದೇ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನನ್ನ ಪ್ರೆಸ್ಸಿಗೆ ಬಂದ. ದೆವ್ವದ ಸಿನಿಮಾ ಮಾಡಿದ್ದ. ಅಪ್ಪನ ಹೆಸರಿನಲ್ಲಿದ್ದ ಸೈಟು ಮಾರಿ ತಂದ ದುಡ್ಡು. ಪೋಸ್ಟರಿನ ಕೆಳಗೆ ‘ಇದರ ಹಿಂದಿನ ಕಥೆ ಶೀಘ್ರದಲ್ಲೇ’ ಎಂದು ಹಾಕಿಸಿದ. ನಾನು, ‘ತಮ್ಮಾ, ಮೊದಲು ಇದು ಓಡಲಿ’ ಎಂದೆ. ಅವನು ನಕ್ಕು, ‘ಅಣ್ಣಾ, ಪ್ಯಾರಾನಾರ್ಮಲ್ ಆಕ್ಟಿವಿಟಿ ಹದಿನೈದು ಸಾವಿರ ಡಾಲರಲ್ಲಿ ಆಯ್ತು, ಅದರ ಪ್ರೀಕ್ವೆಲ್ಲುಗಳೂ ಕೋಟಿ ಕೋಟಿ ಬಾಚಿದವು’ ಎಂದ. ಚಿತ್ರ ನಾಲ್ಕು ದಿನಕ್ಕೆ ಎತ್ತಂಗಡಿಯಾಯಿತು. ಬೈಕು ಮಾರಿ ನನ್ನ ಅರ್ಧ ಬಿಲ್ಲು ಕೊಟ್ಟ. ಉಳಿದರ್ಧ ನಾನು ಕೇಳಲಿಲ್ಲ. ಆದರೆ ಅವನ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆ ಹದಿನೈದು ಸಾವಿರ ಡಾಲರಿನ ಕಥೆ ಏನು ಎಂದು ಹುಡುಕಿ ಓದಿದೆ. ಅವತ್ತು ಅವನಿಗೆ ಹೇಳಬೇಕಿದ್ದ ಲೆಕ್ಕವನ್ನು ಇವತ್ತು ನಿಮಗೆ ಹೇಳುತ್ತೇನೆ.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಓರೆನ್ ಪೇಲಿ ಎಂಬಾತ 2006ರಲ್ಲಿ ತನ್ನ ಸ್ವಂತ ಮನೆಯಲ್ಲೇ, ಹೆಸರಿಲ್ಲದ ಕಲಾವಿದರನ್ನು ಇಟ್ಟುಕೊಂಡು, ಸುಮಾರು ಒಂದು ವಾರದಲ್ಲಿ ಆ ಚಿತ್ರದ ಶೂಟಿಂಗ್ ಮುಗಿಸಿದ. ಖರ್ಚು ಸುಮಾರು 15,000 ಡಾಲರ್. ಆಗಿನ ಲೆಕ್ಕದಲ್ಲಿ 7 ಲಕ್ಷ ರೂಪಾಯಿಯ ಆಸುಪಾಸು. ಲೋಕದಾದ್ಯಂತ ಗಳಿಕೆ ಸುಮಾರು 19.3 ಕೋಟಿ ಡಾಲರ್. ಇಷ್ಟು ನಿಜ. ನಮ್ಮ ಹುಡುಗರು ಇಷ್ಟನ್ನೇ ಓದಿ ಪುಟ ಮುಚ್ಚುತ್ತಾರೆ.

ಮುಂದಿನ ಪುಟ ನೋಡಿ. ಆ ಚಿತ್ರ 2007ರಲ್ಲಿ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟರೂ ಚಿತ್ರಮಂದಿರಕ್ಕೆ ಬಂದದ್ದು 2009ರಲ್ಲಿ. ನಡುವೆ ಎರಡು ವರ್ಷ ಡಬ್ಬದಲ್ಲೇ ಇತ್ತು. ದೊಡ್ಡ ಸ್ಟುಡಿಯೊ ಕೊಂಡುಕೊಂಡ ಮೇಲೆ ಕೊನೆಯ ದೃಶ್ಯ ಬದಲಾಯಿತು, ಅದಕ್ಕೆ ಬೇರೆ ಖರ್ಚಾಯಿತು. ಪ್ಯಾರಾಮೌಂಟ್ ಕಂಪನಿ ಮೊದಲು ಕಾಲೇಜು ಊರುಗಳಲ್ಲಿ ಮಾತ್ರ ಮಧ್ಯರಾತ್ರಿ ಆಟ ಹಾಕಿತು. ನಮ್ಮ ಊರಿಗೂ ಬೇಕು ಎಂದು ಹತ್ತು ಲಕ್ಷ ಜನ ಕೇಳಿದರೆ ದೇಶವೆಲ್ಲ ಬಿಡುಗಡೆ ಮಾಡುತ್ತೇವೆ ಎಂದಿತು. ಹತ್ತು ಲಕ್ಷ ಜನ ಕೇಳಿದರು. ಮನೆಯಲ್ಲಿ ಚಿತ್ರ ಮಾಡಿದವನು ಒಬ್ಬ. ಅದನ್ನು ಜನರ ಬಾಯಿಗೆ ಹಾಕಿದ್ದು ಲೋಕದಲ್ಲೇ ಹೆಸರಾದ ದೊಡ್ಡ ವಿತರಣಾ ಸಂಸ್ಥೆ. ಹದಿನೈದು ಸಾವಿರದಲ್ಲಿ ಆ ಸಂಸ್ಥೆಯ ಖರ್ಚು ಸೇರಿಲ್ಲ.

ಈಗ ಪ್ರೀಕ್ವೆಲ್ಲಿಗೆ ಬರೋಣ. ಪ್ರೀಕ್ವೆಲ್ ಎಂದರೆ ಮೊದಲು ಬಂದ ಚಿತ್ರಕ್ಕೂ ಹಿಂದೆ ನಡೆದ ಕಥೆ. ಮೊದಲ ಚಿತ್ರದಲ್ಲಿ ನಾಯಕ ಸತ್ತುಹೋಗುತ್ತಾನೆ. ಕಥೆಯನ್ನು ಮುಂದಕ್ಕೆ ಎಳೆದರೆ ಅವನಿಲ್ಲ. ಹಿಂದಕ್ಕೆ ಎಳೆದರೆ ಇದ್ದಾನೆ! 2010ರ ಅಕ್ಟೋಬರಿನಲ್ಲಿ ಬಂದ ಎರಡನೆಯ ಚಿತ್ರ ಬಹುಪಾಲು ಹಿಂದಿನ ಕಥೆಯೇ. ನಾಯಕಿಯ ತಂಗಿಯ ಮನೆ, ಕಳ್ಳರ ಭಯಕ್ಕೆ ಹಾಕಿಸಿದ ಕ್ಯಾಮೆರಾಗಳು, ಒಮ್ಮೆಲೇ ದಢಾರನೆ ತೆರೆದುಕೊಳ್ಳುವ ಅಡುಗೆಮನೆಯ ಕಪಾಟುಗಳು. ಇಷ್ಟಕ್ಕೇ ಜನ ಕಿರುಚಿದರು. ಬಜೆಟ್ 30 ಲಕ್ಷ ಡಾಲರ್. ಗಳಿಕೆ ಸುಮಾರು 17.75 ಕೋಟಿ ಡಾಲರ್. ಮರುವರ್ಷ, 2011ರಲ್ಲಿ, ಮೂರನೆಯದು ಇನ್ನೂ ಹಿಂದಕ್ಕೆ ಹೋಯಿತು. 1988ರ ಕಥೆ, ಅಕ್ಕತಂಗಿಯರ ಬಾಲ್ಯ. ಅದರಲ್ಲಿ ಒಂದು ಉಪಾಯವಿದೆ. ಆಚೆ ಈಚೆ ತಿರುಗುವ ಟೇಬಲ್ ಫ್ಯಾನಿನ ಬುಡಕ್ಕೆ ಕ್ಯಾಮೆರಾ ಕಟ್ಟುತ್ತಾರೆ. ಕ್ಯಾಮೆರಾ ಅಡುಗೆಮನೆಯ ಕಡೆ ತಿರುಗಿದಾಗ ಹಾಲ್‌ನಲ್ಲಿ ಏನಾಗುತ್ತಿದೆ ಎಂದು ನಮಗೆ ಜೀವ ಹೋಗುತ್ತದೆ. ಗ್ರಾಫಿಕ್ಸ್ ಮಾಡಬೇಕಾದ ಕೆಲಸವನ್ನು ಒಂದು ಫ್ಯಾನು ಮಾಡಿತು! ಬಜೆಟ್ 50 ಲಕ್ಷ ಡಾಲರ್, ಗಳಿಕೆ ಸುಮಾರು 20.7 ಕೋಟಿ.

ಒಂದು ವಿಷಯ ಗಮನಿಸಿ. ಹದಿನೈದು ಸಾವಿರದಲ್ಲಿ ಶುರುವಾದದ್ದು ಎರಡನೆಯ ಚಿತ್ರಕ್ಕೆ ಇನ್ನೂರು ಪಟ್ಟು ಹೆಚ್ಚಾಯಿತು. ಆಗಿನ ಲೆಕ್ಕದಲ್ಲಿ ಅದು ಹದಿಮೂರು ಕೋಟಿ ರೂಪಾಯಿಗೂ ಮೇಲೆ. ಅಲ್ಲಿ ಅದಕ್ಕೆ ಕಡಿಮೆ ಬಜೆಟ್ ಎನ್ನುತ್ತಾರೆ! ‘ಕಡಿಮೆ ಬಜೆಟ್’ ಎಂಬ ಒಂದೇ ಮಾತಿಗೆ ಅಲ್ಲಿ ಒಂದು ಅರ್ಥ, ಸೈಟು ಮಾರಿದವನ ಮನೆಯಲ್ಲಿ ಇನ್ನೊಂದು ಅರ್ಥ.

ಇನ್ನು ಗಲ್ಲಾಪೆಟ್ಟಿಗೆ. 17.75 ಕೋಟಿ ಎಂದರೆ ಪ್ರೇಕ್ಷಕ ಕೌಂಟರಿನಲ್ಲಿ ಕೊಟ್ಟ ಒಟ್ಟು ಹಣ. ಅದು ನಿರ್ಮಾಪಕನ ಜೇಬಿಗೆ ಬಂದ ಹಣವಲ್ಲ. ಮೋಟಾಗಿ ಹೇಳುವುದಾದರೆ ಅರ್ಧ ಚಿತ್ರಮಂದಿರದವರಿಗೆ. ಉಳಿದದ್ದು ಒಂಬತ್ತು ಕೋಟಿಯ ಒಳಗೆ. ಅದರಲ್ಲಿ ಪ್ರಚಾರದ ಖರ್ಚು ಕಳೆಯಬೇಕು, ಪ್ರಿಂಟಿನ ಖರ್ಚು ಕಳೆಯಬೇಕು. ಆ ಕಾಲಕ್ಕೆ ಒಂದು ರೀಲ್ ಪ್ರಿಂಟಿಗೆ ಸಾವಿರದಿಂದ ಒಂದೂವರೆ ಸಾವಿರ ಡಾಲರ್. ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು ಮೂರು ಸಾವಿರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ. ಎಲ್ಲ ಕಡೆ ರೀಲೇ ಎಂದಿಟ್ಟುಕೊಳ್ಳಿ. ಪ್ರಿಂಟಿಗೇ ಮೂವತ್ತು ಲಕ್ಷ ಡಾಲರಿನ ಮೇಲೆ ಆಗುತ್ತದೆ. ಅಂದರೆ ಚಿತ್ರ ತೆಗೆಯಲು ಎಷ್ಟಾಯಿತೋ ಅದರ ನಕಲು ಹಂಚಲು ಅಷ್ಟೇ ಆಯಿತು. ಟಿವಿ ಜಾಹೀರಾತು ಬೇರೆ. ಬಜೆಟ್ ಎಂದು ಪತ್ರಿಕೆಯಲ್ಲಿ ಬರುವ ಅಂಕಿಯಲ್ಲಿ ಇವು ಯಾವುದೂ ಇರುವುದಿಲ್ಲ. ಇಷ್ಟೆಲ್ಲ ಕಳೆದರೂ ಅವರಿಗೆ ಭಾರೀ ಲಾಭ ಉಳಿಯಿತು, ನಿಜ. ಆದರೆ ಕಳೆಯುವ ಲೆಕ್ಕ ಗೊತ್ತಿಲ್ಲದವನು ಕೂಡುವ ಲೆಕ್ಕ ಮಾಡಬಾರದು.

ನಮ್ಮಲ್ಲೂ ಹೀಗೆಯೇ. ಮಲ್ಟಿಪ್ಲೆಕ್ಸಿನಲ್ಲಿ ಪಾಲು, ಹಳೆಯ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆ ಕಟ್ಟುವ ರೂಢಿ. ಜನ ಬರಲಿ ಬಿಡಲಿ, ಬಾಡಿಗೆ ಬಾಡಿಗೆಯೇ. ನನ್ನ ಹುಡುಗ ಶೂಟಿಂಗಿಗೆ ಎಲ್ಲ ದುಡ್ಡೂ ಸುರಿದಿದ್ದ. ಬಿಡುಗಡೆಗೆಂದು ಒಂದು ರೂಪಾಯಿ ತೆಗೆದಿಟ್ಟಿರಲಿಲ್ಲ. ಪೋಸ್ಟರು, ಬಾಡಿಗೆ, ಜಾಹೀರಾತು ಎಲ್ಲವೂ ಸಾಲ.

ಹಾಗಾದರೆ ಪ್ರೀಕ್ವೆಲ್ಲಿನಲ್ಲಿ ಉಳಿತಾಯ ಎಲ್ಲಿ? ಹೆಸರಿನಲ್ಲಿ. ಹೊಸ ಚಿತ್ರ ಬಂದರೆ ಇದು ಯಾವುದು ಎಂದು ಜನಕ್ಕೆ ಹೇಳುವುದೇ ದೊಡ್ಡ ಖರ್ಚು. ಪ್ರೀಕ್ವೆಲ್ಲಿಗೆ ಆ ಖರ್ಚನ್ನು ಮೊದಲ ಚಿತ್ರ ಆಗಲೇ ತೀರಿಸಿರುತ್ತದೆ. ನಮ್ಮ ಪ್ರೆಸ್ಸಿನಲ್ಲಿ ಪ್ಲೇಟು ಮಾಡುವಾಗಿನ ಖರ್ಚು ಒಮ್ಮೆ. ಪ್ಲೇಟು ಮಿಷನ್ನಿಗೆ ಏರಿದ ಮೇಲೆ ಸಾವಿರದ ನಂತರ ಇನ್ನೊಂದು ಸಾವಿರ ಹೊಡೆಯುವುದು ಅಗ್ಗ. ಇದೂ ಹಾಗೇ.

ಈ ಬುದ್ಧಿಯನ್ನು ಸರಿಯಾಗಿ ಬಳಸಿದವನು ಟೈ ವೆಸ್ಟ್ ಎಂಬ ನಿರ್ದೇಶಕ. ‘ಎಕ್ಸ್’ ಎಂಬ ಚಿತ್ರವನ್ನು ನ್ಯೂಜಿಲೆಂಡಿನಲ್ಲಿ ತೆಗೆದ. ಅದೇ ಜಾಗ, ಅದೇ ತೋಟದ ಮನೆ, ಅದೇ ನಟಿ ಮಿಯಾ ಗಾತ್. ಸೆಟ್ಟು ಬಿಚ್ಚುವ ಮೊದಲೇ ಅದರ ಹಿಂದಿನ ಕಥೆ ‘ಪರ್ಲ್’ ಚಿತ್ರವನ್ನೂ ಮುಗಿಸಿದ. ಎರಡೂ 2022ರಲ್ಲೇ ಬಂದವು. ಪರ್ಲ್ ಚಿತ್ರಕ್ಕೆ ವರದಿಯಾದ ಖರ್ಚು ಹತ್ತು ಲಕ್ಷ ಡಾಲರ್, ಗಳಿಕೆ ಸುಮಾರು ಒಂದು ಕೋಟಿ. ಬಾಚಿಕೊಂಡದ್ದು ಸ್ವಲ್ಪವೇ, ಆದರೆ ಯಾರ ಮನೆಯೂ ಹೋಗಲಿಲ್ಲ.

ಇದಕ್ಕೆ ಉಲ್ಟಾ ಒಂದಿದೆ. 1973ರ ‘ದಿ ಎಕ್ಸಾರ್ಸಿಸ್ಟ್’ ಹೆಸರು ಕೇಳಿದ್ದೀರಿ. ದೆವ್ವದ ಚಿತ್ರಗಳಲ್ಲಿ ಅದಕ್ಕಿಂತ ದೊಡ್ಡ ಹೆಸರು ಯಾವುದು? ಅದಕ್ಕೂ ಪ್ರೀಕ್ವೆಲ್ ಮಾಡಲು ಹೊರಟರು. ಪಾಲ್ ಶ್ರೇಡರ್ ಎಂಬ ನಿರ್ದೇಶಕ ಸುಮಾರು ಮೂರು ಕೋಟಿ ಡಾಲರಿನಲ್ಲಿ ಚಿತ್ರ ಮುಗಿಸಿದ. ನಿರ್ಮಾಪಕರಿಗೆ ಹಿಡಿಸಲಿಲ್ಲ. ಮೂಲೆಗೆ ಎಸೆದು, ರೆನ್ನಿ ಹಾರ್ಲಿನ್ ಎಂಬ ಇನ್ನೊಬ್ಬನಿಂದ ಬಹುಪಾಲು ಮತ್ತೆ ತೆಗೆಸಿದರು. ಎರಡೂ ಸೇರಿ ಖರ್ಚು ಎಂಟು ಕೋಟಿಯ ಹತ್ತಿರ ಎಂದು ವರದಿಯಾಯಿತು. 2004ರಲ್ಲಿ ಬಂದು ಲೋಕವೆಲ್ಲ ಸುತ್ತಿ ಗಳಿಸಿದ್ದು 7.8 ಕೋಟಿ. ಅದರಲ್ಲೂ ಅರ್ಧ ಚಿತ್ರಮಂದಿರದವರದು ಎಂಬುದನ್ನು ಮರೆಯಬೇಡಿ! ಮೂಲೆಗೆ ಎಸೆದ ಚಿತ್ರವನ್ನು 2005ರಲ್ಲಿ ಬಿಟ್ಟರು. ಮೂರು ಲಕ್ಷ ಡಾಲರ್ ಕೂಡ ಹುಟ್ಟಲಿಲ್ಲ. ಎಪ್ಪತ್ತೆಂಟು ಲಕ್ಷವಲ್ಲ, ಏಳೂ ಮುಕ್ಕಾಲು ಕೋಟಿ ಬಂದರೂ ಒಂದು ಚಿತ್ರ ಮುಳುಗುತ್ತದೆ, ಒಂದು ಕೋಟಿ ಬಂದರೂ ಒಂದು ಚಿತ್ರ ತೇಲುತ್ತದೆ. ಬಂದದ್ದೆಷ್ಟು ಎಂಬುದಕ್ಕಿಂತ ಹಾಕಿದ್ದೆಷ್ಟು ಎಂಬುದು ಮುಖ್ಯ.

ಹೆಸರೂ ಶಾಶ್ವತವಲ್ಲ. ಪ್ಯಾರಾನಾರ್ಮಲ್ ಆಕ್ಟಿವಿಟಿ ಸರಣಿಯನ್ನೇ ಹಿಡಿಯಿರಿ. ಮೂರನೆಯದಕ್ಕೆ 20.7 ಕೋಟಿ ಬಂದದ್ದು 2012ರ ನಾಲ್ಕನೆಯದಕ್ಕೆ ಸುಮಾರು 14 ಕೋಟಿಗೆ ಇಳಿಯಿತು. 2015ರಲ್ಲಿ ಬಜೆಟ್ ಒಂದು ಕೋಟಿಗೆ ಏರಿತು, ಗಳಿಕೆ ಎಂಟು ಕೋಟಿಯೊಳಗೆ ಕುಸಿಯಿತು. ಪ್ಲೇಟು ಸವೆದ ಮೇಲೂ ಹೊಡೆಯುತ್ತ ಹೋದರೆ ಅಕ್ಷರ ಮಸುಕಾಗುವುದಿಲ್ಲವೇ?

ಗೆಳೆಯರೇ, ನಮ್ಮವರಿಗೆ ಬುದ್ಧಿ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಸಿಕ್ಕ ವಿಡಿಯೊ ಎಂಬಂತೆ ಕಥೆ ಹೇಳುವ ಇದೇ ದಾರಿಯಲ್ಲಿ 2013ರಲ್ಲಿ ಕನ್ನಡದ ‘6-5=2’ ಬಂದು ಜನರನ್ನು ಹೆದರಿಸಿತು, ಮರುವರ್ಷ ಹಿಂದಿಗೂ ಹೋಯಿತು. ‘ಕಾಂತಾರ’ ದೆವ್ವದ ಚಿತ್ರವಲ್ಲ, ಆದರೆ 2022ರಲ್ಲಿ ಅದು ಹೆಸರು ಗಳಿಸಿದ ಮೇಲೆಯೇ ಅದರ ಹಿಂದಿನ ಕಥೆ 2025ರ ಅಕ್ಟೋಬರಿನಲ್ಲಿ ಬಂತು. ಕ್ರಮ ನೋಡಿ. ಮೊದಲು ಹೆಸರು, ಆಮೇಲೆ ಹಿಂದಿನ ಕಥೆ. ನನ್ನ ಹುಡುಗ ಪೋಸ್ಟರಿನಲ್ಲಿ ಹಾಕಿಸಿದ್ದು ಇದಕ್ಕೆ ತಲೆಕೆಳಗು.

ನಿಮ್ಮಲ್ಲಿ ಯಾರಾದರೂ ಚಿತ್ರ ಮಾಡುವುದಾದರೆ ಧೈರ್ಯವಾಗಿ ಮಾಡಿ. ಒಂದು ಮನೆ, ನಾಲ್ಕು ಜನ, ಒಂದು ಫ್ಯಾನು ಸಾಕು. ಆದರೆ ಮೂರು ಕೆಲಸ ಮಾಡಿ. ಒಂದು, ಪೂರ್ತಿ ಹೋದರೂ ಮನೆಯವರು ಊಟಕ್ಕೆ ಪರದಾಡದಷ್ಟು ದುಡ್ಡನ್ನೇ ಬಜೆಟ್ ಎಂದು ಕರೆಯಿರಿ. ಎರಡು, ಅದರಲ್ಲಿ ಅರ್ಧವನ್ನು ಬಿಡುಗಡೆಗೆಂದು ಮೊದಲೇ ಎತ್ತಿಡಿ. ಮೂರು, ಯಾರಾದರೂ ಇಷ್ಟು ಕೋಟಿ ಬಂತು ಎಂದರೆ, ಅದು ಕೌಂಟರಿನ ದುಡ್ಡೋ ಕೈಗೆ ಬಂದ ದುಡ್ಡೋ ಎಂದು ಕೇಳಿ.

ಆ ಹುಡುಗ ಈಗ ಒಂದು ಕಡೆ ಎಡಿಟಿಂಗ್ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಪ್ರೆಸ್ಸಿಗೆ ಬಂದಿದ್ದ. ‘ಅಣ್ಣಾ, ಇನ್ನೊಂದು ಕಥೆ ಇದೆ’ ಎಂದ. ನಾನು ಒಂದು ಹಾಳೆ ಕೊಟ್ಟು, ‘ಮೊದಲು ಪೋಸ್ಟರಿನ ಖರ್ಚು ಬರಿ, ಆಮೇಲೆ ಕಥೆ ಹೇಳು’ ಎಂದೆ. ಕೂತು ಬರೆದ. ಈ ಸಲ ಅವನ ಪೋಸ್ಟರನ್ನು ನಾನೇ ಅಚ್ಚು ಹಾಕುತ್ತೇನೆ. ಮುಂಗಡ ತೆಗೆದುಕೊಂಡೇ!