ಸಾಲದ ಕಾಗದದಲ್ಲಿ ನಮ್ಮ ಹೆಸರು, ಮನೆಯ ಕಾಗದದಲ್ಲಿ ಯಾರ ಹೆಸರು?

(ತೋರಣಗಲ್ಲಿನಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ಸಭೆಯಲ್ಲಿ ನಿವೃತ್ತ ಉಪನ್ಯಾಸಕಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಎರಡು ಪ್ರಶ್ನೆ ಕೇಳುತ್ತೇನೆ. ಮನೆ ಕಟ್ಟಲು, ಗೋಡೆ ಎಬ್ಬಿಸಲು, ಬಾಡಿಗೆ ಮನೆಯ ಅಡ್ವಾನ್ಸ್ ಕೊಡಲು ಸಂಘದಿಂದ ಸಾಲ ತೆಗೆದವರು ಎಷ್ಟು ಜನ? ಆ ಮನೆಯ ಪತ್ರ ತಮ್ಮ ಹೆಸರಿನಲ್ಲಿ ಇರುವವರು ಎಷ್ಟು ಜನ? ನೋಡಿ, ಮೊದಲ ಪ್ರಶ್ನೆಗೆ ಎದ್ದ ಕೈಗಳು ಎರಡನೆಯದಕ್ಕೆ ಇಳಿದವು. ನನ್ನ ಮಾತೆಲ್ಲ ಹೀಗೆ ಇಳಿದ ಕೈಗಳ ಬಗ್ಗೆ.

ಈ ಊರಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿಯವರು ಅಡಿಗಲ್ಲು ಹಾಕಿದ್ದು 1971ರಲ್ಲಿ. ಖಾಸಗಿ ಕಾರ್ಖಾನೆ ಮೇಲೆದ್ದದ್ದು ತೊಂಬತ್ತರ ದಶಕದಲ್ಲಿ. ಕಾರ್ಖಾನೆಯ ಖಾಯಂ ನೌಕರರಿಗೆ ಟೌನ್‌ಶಿಪ್ ಬಂತು. ಗುತ್ತಿಗೆ ಕೂಲಿಯವರು ತೋರಣಗಲ್ಲು, ಕುರೆಕುಪ್ಪ, ವಡ್ಡು ಕಡೆ ಒಂದು ಕೋಣೆಯ ಬಾಡಿಗೆ ಮನೆ ಹುಡುಕಬೇಕು. ಸ್ವಂತ ಮನೆ ಕಟ್ಟಬೇಕೆಂದರೆ ಬ್ಯಾಂಕು ಸಂಬಳದ ಚೀಟಿ ಕೇಳುತ್ತದೆ, ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11ಎ ಕೇಳುತ್ತದೆ. ದಿನಗೂಲಿಯವರ ಹತ್ತಿರ ಇವೆರಡೂ ಎಲ್ಲಿಂದ ಬರಬೇಕು?

ಲೆಕ್ಕ ನೋಡಿ. ಐದು ಲಕ್ಷ ರೂಪಾಯಿಗೆ ಬ್ಯಾಂಕು ವರ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಅವಧಿ ಕೊಟ್ಟರೆ ತಿಂಗಳ ಕಂತು ಸುಮಾರು 4,500 ರೂಪಾಯಿ. ಅದರಲ್ಲಿ ಅಸಲೂ ತೀರುತ್ತಾ ಬರುತ್ತದೆ. ಅದೇ ಹಣವನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಹೊರಗೆ ತಂದರೆ ಬಡ್ಡಿಯೇ ತಿಂಗಳಿಗೆ 10,000. ಅಸಲು ಹಾಗೆಯೇ ನಿಂತಿರುತ್ತದೆ. ಬಡವರಿಗೆ ಮನೆ ದುಬಾರಿಯಾಗುವುದು ಇಟ್ಟಿಗೆ ಸಿಮೆಂಟಿನಿಂದ ಮಾತ್ರವಲ್ಲ, ಸಾಲದಿಂದಲೂ.

ಬ್ಯಾಂಕು ಬಾಗಿಲು ಹಾಕಿದಾಗ ಗಂಡಸರ ಕಣ್ಣು ಎಲ್ಲಿಗೆ ಹೋಗುತ್ತದೆ? ಹೆಂಡತಿಯ ಕೊರಳಿನ ಬಂಗಾರಕ್ಕೆ, ಅವಳ ಸಂಘದ ಸಾಲಕ್ಕೆ, ಕೊನೆಗೆ ಅವಳ ತವರಿಗೆ. "ಮನೆ ಕಟ್ಟಬೇಕು, ನಿಮ್ಮಪ್ಪನ ಹತ್ತಿರ ಒಂದು ಲಕ್ಷ ತಗೊಂಡು ಬಾ" ಎಂಬ ಮಾತನ್ನು ನಾವು ವರದಕ್ಷಿಣೆ ಎಂದು ಕರೆಯುವುದಿಲ್ಲ, ಸಂಸಾರದ ಕಷ್ಟ ಎನ್ನುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. ಮಧ್ಯಪ್ರದೇಶದಲ್ಲಿ ಐದು ತಿಂಗಳ ಗರ್ಭಿಣಿಯೊಬ್ಬಳು ಬೆಂಕಿ ಹಚ್ಚಿಕೊಂಡು ಸತ್ತಳು. ಮನೆ ಕಟ್ಟಲು ತವರಿನಿಂದ ಹಣ ತರಬೇಕೆಂದು ಅವಳನ್ನು ಪೀಡಿಸಿದ್ದರು. ಅದು ವರದಕ್ಷಿಣೆಯಲ್ಲ, ಅವಳೇ ತವರಿನವರನ್ನು ಕೇಳಿದ್ದಳು ಎಂದಿತು ಹೈಕೋರ್ಟು. ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಆ ತೀರ್ಪನ್ನು ತಳ್ಳಿಹಾಕಿತು: ಮನೆ ಕಟ್ಟಲು ಕೇಳಿದ ಹಣವೂ ವರದಕ್ಷಿಣೆಯೇ, ಅವಳು ಕೇಳಿದ್ದು ಒತ್ತಾಯಕ್ಕೆ, ಆಸೆಗಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೀಗೆ ನಮ್ಮ ಹಣದಿಂದ ಎದ್ದ ಮನೆಯಿಂದಲೇ ನಮ್ಮನ್ನು ಹೊಡೆದು ಹೊರಗೆ ಹಾಕುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗುವನ್ನು ಎತ್ತಿಕೊಂಡು ರಾತ್ರೋರಾತ್ರಿ ಹೊರಬಿದ್ದಳು. ಗಂಡನ ಮನೆಸಾಲಕ್ಕೆ ಸಹಸಾಲಗಾರ್ತಿಯಾಗಿ ಸಹಿ ಹಾಕಿದ್ದಳು. ಮನೆಯ ಪತ್ರದಲ್ಲಿ ಅವಳ ಹೆಸರಿಲ್ಲ. ಬ್ಯಾಂಕಿನ ನೋಟೀಸು ಮಾತ್ರ ಅವಳನ್ನು ಹುಡುಕಿಕೊಂಡು ತವರಿಗೆ ಬಂತು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಮು ಹೇಳುತ್ತದೆ: ಪತ್ರ ಯಾರ ಹೆಸರಿನಲ್ಲೇ ಇರಲಿ, ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ. ಮನೆ ಅತ್ತೆಮಾವನದಾದರೂ ಈ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದೂರು ಕೊಡಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಬಳಿಗೆ ಹೋಗಿ, ಸಂರಕ್ಷಣಾಧಿಕಾರಿ ಅವರೇ. 181ಕ್ಕೆ ಫೋನು ಮಾಡಿ. ಆದರೆ ವಾಸದ ಹಕ್ಕು ಬೇರೆ, ಒಡೆತನ ಬೇರೆ. ಒಡೆತನಕ್ಕೆ ಪತ್ರವೇ ಬೇಕು.

ದಾರಿಗಳಿವೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಗ್ರಾಮೀಣ ಮನೆಗೆ 1.20 ಲಕ್ಷ ರೂಪಾಯಿ ನೆರವಿದೆ. 2024ರಲ್ಲಿ ಶುರುವಾದ ನಗರ ಯೋಜನೆಯ ಎರಡನೇ ಹಂತದಲ್ಲಿ, ಕಡಿಮೆ ವರಮಾನದವರ ಮನೆಸಾಲದ ಮೊದಲ ಎಂಟು ಲಕ್ಷಕ್ಕೆ ಶೇ. 4ರ ಬಡ್ಡಿ ಸಹಾಯಧನವಿದೆ, ಒಟ್ಟು 1.80 ಲಕ್ಷದವರೆಗೆ, ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. ಈ ನಗರ ಯೋಜನೆಯಲ್ಲಿ ಮನೆ ಹೆಂಗಸಿನ ಹೆಸರಿಗೆ ಅಥವಾ ಗಂಡಹೆಂಡಿರ ಜಂಟಿ ಹೆಸರಿಗೆ ಇರಬೇಕೆಂಬುದು ಸಾಮಾನ್ಯ ನಿಯಮ. ಇನ್ನು ತವರು: ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂದದ್ದು 1994ರಲ್ಲಿ, 2005ರಲ್ಲಿ ದೇಶಕ್ಕೆಲ್ಲ ಬಂತು. ವರದಕ್ಷಿಣೆಯಾಗಿ ಗಂಡನ ಕೈ ಸೇರುವ ಹಣಕ್ಕಿಂತ ನಮ್ಮ ಹೆಸರಿನಲ್ಲಿ ಉಳಿಯುವ ಈ ಪಾಲು ಮೇಲಲ್ಲವೇ?

ಕೊನೆಗೆ ಒಂದೇ ಕೋರಿಕೆ. ಮನೆಗೆಂದು ಸದಸ್ಯೆ ಸಾಲ ಕೇಳಿದಾಗ ಸಂಘದ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: "ತಂಗೀ, ಪತ್ರದಲ್ಲಿ ನಿನ್ನ ಹೆಸರಿದೆಯಾ?" ಇಲ್ಲದಿದ್ದರೆ ಸಾಲ ನಿಲ್ಲಿಸಬೇಡಿ, ಅವಳ ಜೊತೆ ನಾಲ್ಕು ಜನ ಮನೆಗೆ ಹೋಗಿ ಗಂಡನ ಹತ್ತಿರ ಮಾತಾಡಿ. ಒಬ್ಬಳೇ ಕೇಳಿದರೆ ಅದು ಜಗಳ. ಸಂಘ ಕೇಳಿದರೆ ಅದು ನಿಯಮ. ಸಾಲದ ಕಾಗದದಲ್ಲಿ ಹೆಸರಿದ್ದವಳ ಹೆಸರು ಮನೆಯ ಕಾಗದದಲ್ಲೂ ಇರಲಿ.