ಭಟ್ಟಿಯ ಹೊಗೆಯನ್ನು ಯಾವ ವಿಷಯದಲ್ಲಿ ಓದಬೇಕು?

(ಕುಕ್ಕುವಾಡದಲ್ಲಿ ನಡೆದ ಹೆತ್ತವರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಯಾವ ಮಾತು ನಡೆಯುತ್ತದೆಂಬುದು ತಮಗೆಲ್ಲ ಗೊತ್ತಿದೆ. ಅಂಕ ಹೆಚ್ಚು ಬಂದರೆ ವಿಜ್ಞಾನ, ತುಸು ಕಡಿಮೆಯಾದರೆ ವಾಣಿಜ್ಯ, ಎರಡೂ ದಕ್ಕದಿದ್ದರೆ ಕಲಾ ವಿಭಾಗ. ಹೆಣ್ಣು ಮಗಳಾದರೆ, ಮದುವೆ ನಿಶ್ಚಯವಾಗುವ ತನಕ ಆರ್ಟ್ಸ್ ಓದುತ್ತಿರಲಿ ಎಂಬ ತೀರ್ಮಾನ. ನಾವು ಐವರೂ ಹೀಗೆಯೇ ಬಿ.ಎ. ತರಗತಿಗೆ ಬಂದು ಬಿದ್ದವರು. ನಾಲ್ವರು ಈ ಕುಕ್ಕುವಾಡದ ಸುತ್ತಮುತ್ತಲಿನಿಂದ ಬೆಳಗಿನ ಬಸ್ಸು ಹಿಡಿದು ದಾವಣಗೆರೆಗೆ ಹೋಗುತ್ತಿದ್ದೆವು. ಐದನೆಯವಳು ನಗರದ ಮಂಡಕ್ಕಿ ಭಟ್ಟಿ ಪ್ರದೇಶದ ಸಹೋದರಿ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ನಮ್ಮ ವಿಷಯಗಳು.

ಅವುಗಳ ಜೊತೆಗೆ ಪರಿಸರ ಅಧ್ಯಯನವೂ ಇತ್ತು. ಅದು ಕಾಲೇಜಿನವರ ಇಷ್ಟದಿಂದ ಬಂದದ್ದಲ್ಲ. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು, ಪರಿಸರವನ್ನು ಎಲ್ಲ ಹಂತಗಳಲ್ಲಿಯೂ ಕಲಿಸಬೇಕೆಂದು ಹೇಳಿತು. ಅದರ ಫಲವಾಗಿ ಯುಜಿಸಿಯು ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪಠ್ಯವೊಂದನ್ನು ರೂಪಿಸಿತು. ಹೆಚ್ಚಿನ ಕಡೆಗಳಲ್ಲಿ ಅದು ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ನೋಡಿ ಬರೆಯುವ ವಿಷಯ. ನಾವೂ ಹಾಗೆಯೇ ಬರೆಯುತ್ತಿದ್ದೆವೋ ಏನೋ. ಆದರೆ ಆ ಪಠ್ಯದಲ್ಲಿ ಕ್ಷೇತ್ರ ಕಾರ್ಯವೆಂಬ ಒಂದು ಭಾಗವಿದೆ. ಸ್ಥಳೀಯವಾದ ಒಂದು ಮಲಿನ ಪ್ರದೇಶಕ್ಕೆ ಹೋಗಿ ನೋಡಿ ವರದಿ ಬರೆಯಬೇಕು.

ಎಲ್ಲಿಗೆ ಹೋಗುವುದು? ಮಂಡಕ್ಕಿ ಭಟ್ಟಿಗೆ ಎಂದು ಯಾರೋ ಹೇಳಿದಾಗ ಆ ಸಹೋದರಿ ತಲೆ ತಗ್ಗಿಸಿದಳು. ತನ್ನ ಮನೆಯ ಹೊಗೆಯನ್ನು ಸಹಪಾಠಿಗಳಿಗೆ 'ಮಲಿನ ಪ್ರದೇಶ'ವೆಂದು ತೋರಿಸಲು ಯಾರಿಗೆ ಮನಸ್ಸು ಬರುತ್ತದೆ? ಒಂದು ವಾರ ಕಳೆದ ಬಳಿಕ ಅವಳೇ ಬಂದು, "ನಮ್ಮ ಮನೆಗೇ ಬನ್ನಿ. ಹೊರಗಿನವರು ಬರೆಯುವುದಕ್ಕಿಂತ ನಾವು ಬರೆಯುವುದು ಮೇಲು" ಎಂದಳು.

ದಾವಣಗೆರೆಯ ಮಂಡಕ್ಕಿ ತಿನ್ನದವರು ಈ ಸಭೆಯಲ್ಲಿ ಯಾರೂ ಇರಲಾರರು. ನರ್ಗಿಸ್ ಮಂಡಕ್ಕಿಯ ರುಚಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವರನ್ನು ನಾವು ಬಲ್ಲೆವು. ಅದನ್ನು ತಯಾರಿಸುವ ಕೈಗಳ ಬಗ್ಗೆ ಮಾತಾಡುವವರು ಕಡಿಮೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿಯುತ್ತಾರೆ. ಒಲೆಗೆ ಭತ್ತದ ಹೊಟ್ಟು. ಹೊಟ್ಟು ಸಾಲದಾದಾಗ ಹಳೆಯ ಟೈರು. ಸುತ್ತಲಿನ ಬಡಾವಣೆಯ ಜನರು ದೂರುವುದು ಈ ಟೈರಿನ ಕಪ್ಪು ಹೊಗೆಯನ್ನು. ಅದನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುವವರು ಒಲೆಯ ಮುಂದೆಯೇ ನಿಂತವರು, ಹೆಚ್ಚಾಗಿ ನಮ್ಮದೇ ಸಮುದಾಯದ ಬಡವರು.

ಅದು 2023ರ ಬರಗಾಲದ ವರ್ಷ. ಭದ್ರಾ ನಾಲೆಯ ನೀರಿಗಾಗಿ ರೈತರು ದಾವಣಗೆರೆಯ ಬೀದಿಗಿಳಿದಿದ್ದರು. ನಾವು ನಾಲ್ವರ ಮನೆಯವರೂ ಆ ನೀರನ್ನೇ ನಂಬಿದವರು. ಬಲದಂಡೆ ನಾಲೆಯ ನೀರು ಮೇಲ್ಭಾಗದ ಗದ್ದೆ, ತೋಟಗಳನ್ನು ದಾಟಿ ಕೊನೆಯ ಹಳ್ಳಿಗಳಿಗೆ ತಲುಪುವ ಹೊತ್ತಿಗೆ ಎಷ್ಟು ಉಳಿದಿರುತ್ತದೆಂಬುದನ್ನು ಇಲ್ಲಿರುವ ರೈತರಿಗೆ ನಾವು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಮನೆಯಲ್ಲಿ ನಾಲೆಯ ಮಾತು, ಮಧ್ಯಾಹ್ನ ಭಟ್ಟಿಯಲ್ಲಿ ಹೊಗೆಯ ಮಾತು. ಇವೆರಡೂ ಬೇರೆ ಬೇರೆ ಎಂದೇ ನಾವು ಭಾವಿಸಿದ್ದೆವು.

ಒಂದು ದಿನ ಆ ಸಹೋದರಿಯ ತಂದೆಯನ್ನು ಕೇಳಿದೆವು: "ಟೈರು ಏಕೆ ಸುಡುತ್ತೀರಿ?" ಅವರಿಗೆ ಸಿಟ್ಟು ಬಂತು. "ಬೇಟಾ, ಖುಷಿಗೆ ಸುಡುತ್ತೇವೆಯೇ? ನಿಮ್ಮ ಕಡೆ ಭತ್ತ ಆಗದಿದ್ದರೆ ನನಗೆ ಹೊಟ್ಟು ಎಲ್ಲಿಂದ ಬರಬೇಕು? ಇದ್ದ ಹೊಟ್ಟನ್ನೂ ದೊಡ್ಡ ಬಾಯ್ಲರಿನವರು ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಾರೆ" ಎಂದರು.

ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ನಾಲೆಯಲ್ಲಿ ನೀರು ನಿಂತರೆ ಭಟ್ಟಿಯಲ್ಲಿ ಹೊಗೆ ಕಪ್ಪಾಗುತ್ತದೆ! ಇದನ್ನು ಯಾವ ಪುಸ್ತಕದ ಯಾವ ಅಧ್ಯಾಯದಲ್ಲಿ ಬರೆಯಬೇಕು? ಹೊಗೆಯಲ್ಲಿ ಏನಿದೆ ಎಂಬುದನ್ನು ವಿಜ್ಞಾನ ಹೇಳುತ್ತದೆ. ಹೊಟ್ಟಿನ ಬೆಲೆ ಅರ್ಥಶಾಸ್ತ್ರದ್ದು. ಈ ಕಸುಬಿಗೆ ಈ ಜನರೇ ಏಕೆ ಬಂದರೆಂಬುದಕ್ಕೆ ಉತ್ತರ ಇತಿಹಾಸದಲ್ಲಿದೆ. ಭಟ್ಟಿಯ ಒಬ್ಬ ಅಜ್ಜ, ತಾನು ಹತ್ತಿ ಗಿರಣಿಯ ಕಾರ್ಮಿಕನಾಗಿದ್ದೆನೆಂದೂ ಗಿರಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದೆನೆಂದೂ ಹೇಳಿದರು. ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನ ಚರಿತ್ರೆಯನ್ನು ಅವರು ಎರಡು ವಾಕ್ಯಗಳಲ್ಲಿ ಮುಗಿಸಿದರು.

ವರದಿಗೆ ಅಂಕ ಕಡಿಮೆಯೇ ಬಂತು. ಇದು ಸಮಾಜಶಾಸ್ತ್ರವಾಯಿತು, ಪರಿಸರ ಎಲ್ಲಿದೆ ಎಂದು ಮೌಲ್ಯಮಾಪಕರು ಕೇಳಿದರು. ಆಗ ನಮಗೆ ನೋವಾಯಿತು, ನಿಜ. ಆದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತೆಂದು ಈಗ ಅನಿಸುತ್ತಿದೆ. ಕೆಮ್ಮುವವರ ಮಾತುಗಳನ್ನು ಪುಟಗಟ್ಟಲೆ ಬರೆದಿದ್ದೆವು. ಎಷ್ಟು ಮನೆಗಳಲ್ಲಿ ಎಷ್ಟು ಮಂದಿ ಕೆಮ್ಮುತ್ತಾರೆ ಎಂದು ಎಣಿಸಿರಲಿಲ್ಲ. ವಿಜ್ಞಾನ ಓದುವ ಗೆಳೆಯನೊಬ್ಬನ ನೆರವಿನಿಂದ ಆ ಮೇಲೆ ಮನೆ ಮನೆಗೆ ಹೋಗಿ ಎಣಿಸಿದೆವು. ಅದಕ್ಕೆ ಅಂಕವೇನೂ ಇರಲಿಲ್ಲ.

ಇಂತಹ ಕೆಲಸ ನಮ್ಮಿಂದಲೇ ಆರಂಭವಾಯಿತೆಂದು ಹೇಳಿದರೆ ಅದು ಹುಡುಗಾಟವಾದೀತು. ಹರಿಹರದಿಂದ ಹೊಳೆ ದಾಟಿದರೆ ಕುಮಾರಪಟ್ಟಣ. ಅಲ್ಲಿನ ಪಾಲಿಫೈಬರ್ಸ್ ಕಾರ್ಖಾನೆಯಿಂದ ತುಂಗಭದ್ರೆ ಕೆಡುತ್ತಿದೆಯೆಂದು 1980ರ ದಶಕದಲ್ಲಿ ನದಿದಂಡೆಯ ಹಳ್ಳಿಗರು ಹೋರಾಟಕ್ಕಿಳಿದಿದ್ದರು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಒದಗಿಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಸ್ಥಾಪನೆಯಾಯಿತು. ದನ ಮೇಯಿಸುವವರು, ಸೌದೆ ತರುವ ಹೆಂಗಸರು ಎಲ್ಲಿಗೆ ಹೋಗಬೇಕು? ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಜನರನ್ನು ಸಂಘಟಿಸಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಅದಕ್ಕೆ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಎಂದೇ ಹೆಸರಾಯಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಕಾದಂಬರಿ ಬರೆಯುವವರಿಗೆ ಕಾಡಿನ ಮೊಕದ್ದಮೆ ಏಕೆಂದು ಅವರನ್ನು ಯಾರೂ ಕೇಳಿದಂತಿಲ್ಲ. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು. ನಮ್ಮ ಹರಿಹರದ ಮಗ್ಗುಲಲ್ಲೇ ಹುಟ್ಟಿದ ಈ ವಿಷಯ ನಮಗೆ ತರಗತಿಯಲ್ಲಿ ಸಿಗಲಿಲ್ಲ. ಭಟ್ಟಿಯ ವರದಿಗಾಗಿ ಗ್ರಂಥಾಲಯದಲ್ಲಿ ಹುಡುಕಾಡುವಾಗ ಸಿಕ್ಕಿತು.

2016ರಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಸೇರಿದಾಗ ಭಟ್ಟಿ ಪ್ರದೇಶದ ಪುನರಭಿವೃದ್ಧಿಯೂ ಪ್ರಸ್ತಾವದಲ್ಲಿತ್ತು. ಹೊಗೆ ಹೋಗಬೇಕು ಎನ್ನುವುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಹೊಗೆಯೊಂದಿಗೆ ಹೊಟ್ಟೆಪಾಡೂ ಹೋಗಬಾರದಲ್ಲವೇ? ಕಚೇರಿಯಲ್ಲಿ ಕುಳಿತು ಇದನ್ನು ವಾದಿಸುವವರು ಯಾರು? ನಕ್ಷೆಯನ್ನೂ ಓದಬಲ್ಲ, ಒಲೆಯ ಮುಂದಿನ ತಾಯಿಯ ಮಾತನ್ನೂ ಬಲ್ಲ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಆ ಸಹೋದರಿಗೆ ಈಗ ಎಂ.ಎ. ಓದುವ ಆಸೆ. ತೋಳಹುಣಸೆಯ ವಿಶ್ವವಿದ್ಯಾಲಯ ಮನೆಯಿಂದ ದೂರವೇನಲ್ಲ. ಮನೆಯಲ್ಲಿ ಮದುವೆಯ ಮಾತೂ ನಡೆದಿದೆ. ತಂದೆ ಇನ್ನೂ ಏನೂ ಹೇಳಿಲ್ಲ. ಕಳೆದ ತಿಂಗಳು ಮೊಹಲ್ಲಾದ ಹಿರಿಯರು ಭಟ್ಟಿಗಳ ವಿಷಯ ಮಾತಾಡಲು ಕಚೇರಿಗೆ ಹೊರಟಾಗ, ಎಷ್ಟು ಕುಟುಂಬಗಳಿವೆ, ಎಷ್ಟು ಹೊಟ್ಟು ಬೇಕು ಎಂಬ ಲೆಕ್ಕ ಅವರಲ್ಲಿರಲಿಲ್ಲ. ಇದ್ದದ್ದು ಅವಳ ವರದಿಯಲ್ಲಿ ಮಾತ್ರ. ತಂದೆಯೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೆಗೆದುಕೊಂಡು ಹೋದರಂತೆ.

ಅದರ ಒಂದು ಪ್ರತಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಭತ್ತ ಬೆಳೆಯುವವರು, ಅಕ್ಕಿ ಗಿರಣಿಯವರು ಇಲ್ಲಿದ್ದೀರಿ. ಹೊಟ್ಟಿನ ಬೆಲೆಯನ್ನು ನಾವು ಭಟ್ಟಿಯವರಿಂದ ಮಾತ್ರ ಕೇಳಿ ಬರೆದಿದ್ದೇವೆ. ತಪ್ಪಿದ್ದರೆ ದಯವಿಟ್ಟು ಪೆನ್ಸಿಲಿನಲ್ಲಿ ತಿದ್ದಿರಿ.